ಗುಪ್ತವಾಣಿ ಮರೆತವಳು

ಕೈಯಲ್ಲಿರುವ ಕೆಲಸ ಸ್ವಲ್ಪ ಬದಿಗಿಡಿ, ಇದೊಂದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಮಾತ್ರ ಏಳಬೇಡಿ. ಅರ್ಧ ಕೇಳಿದವರೆಲ್ಲ ದಾಕ್ಷಾಯಣಿಯನ್ನು ಬೈದು ಎದ್ದು ಹೋಗಿದ್ದಾರೆ. ಪೂರ್ತಿ ಕೇಳಿದವರು ತೀರ ಕಡಿಮೆ. ಅವರು ಬೈಯಲಿಲ್ಲ, ಸುಮ್ಮನೆ ಕೂತುಬಿಟ್ಟರು.

ಇದು ಶುರುವಾದದ್ದು ತೊಗರಿಬೇಳೆಯಿಂದ.

“ದಾಕ್ಷೀ! ಏ ದಾಕ್ಷೀ! ನಿನ್ನ ಗಂಡ ಬ್ಯಾಳಿ ತಂದಾನೋ ಹಳ್ಳದಾಗಿನ ಹರಳ ಆರಿಸಿಕೊಂಡ ಬಂದಾನೋ ನೋಡ ಬಾ ಇಲ್ಲೆ. ಕುಕ್ಕರ್ ಕೂಗಿ ಕೂಗಿ ಅದರ ಗಂಟಲ ಬಿತ್ತು. ಬ್ಯಾಳಿ ಮಾತ್ರ ಹೆಂಗಿತ್ತೋ ಹಂಗ ಐತಿ.”

ಅತ್ತೆ ಫಕೀರವ್ವನ ದನಿ ಅದು. ಆ ದನಿ ಅಡುಗೆಮನೆಯಲ್ಲಿ ಎದ್ದರೆ ಓಣಿಯ ಕೊನೆಯ ಹಿಟ್ಟಿನ ಗಿರಣಿಯವರೆಗೂ ಹೋಗುತ್ತಿತ್ತು. ಹೊರಗೆ ತನ್ನ ಬಾಡಿಗೆಯ ಟಂಟಂ ಆಟೋ ಒರೆಸುತ್ತಿದ್ದ ಮಗ ಶಿವಪುತ್ರ ಅಲ್ಲಿಂದಲೇ ಕೂಗಿದ:

“ಅವ್ವಾ, ಯಾವಾಗ್ಲೂ ತರೂ ಅಂಗಡ್ಯಾಗಿಂದೇ ಅದು. ನಿನ್ನ ಹಲ್ಲು ಹಳೇವಾಗ್ಯಾವು, ಬ್ಯಾಳಿ ಮ್ಯಾಲ ಯಾಕ ಹಾಕ್ತಿ?”

“ಹಲ್ಲ ಇದ್ರ ಅಲ್ಲೇನೋ ಹಳೇವಾಗೂದು!”

ದಾಕ್ಷಾಯಣಿ ನಗುತ್ತಲೇ ಒಳಗೆ ಬಂದು ಚಮಚದಲ್ಲಿ ನಾಲ್ಕು ಕಾಳು ಎತ್ತಿ ಬೆರಳಲ್ಲಿ ಹಿಚುಕಿದಳು. ಕಾಳು ಮೆತ್ತಗಾಗಲಿಲ್ಲ. ನಗು ಅಲ್ಲಿಗೇ ನಿಂತಿತು. ಪಾತ್ರೆ ತೊಳೆಯುವ ಸೋಪು ತೆಗೆದು ಅಂಗೈಗೆ ನಲ್ಲಿಯ ನೀರು ಬಿಟ್ಟುಕೊಂಡು ತಿಕ್ಕಿದಳು. ನೊರೆ ಏಳುವ ಬದಲು ಮಡ್ಡಿಯಂತೆ ಕೈಗೆ ಅಂಟಿಕೊಂಡಿತು.

ಅವಳ ನಗು ಯಾಕೆ ನಿಂತಿತು ಎಂಬುದು ತಿಳಿಯಬೇಕಾದರೆ ಕಲ್ಲಹಳ್ಳದ ನೀರಿನ ಕಥೆ ತಿಳಿಯಬೇಕು. ಅದು ಬಯಲುಸೀಮೆಯ ಊರು. ನೆಲದಾಳದ ನೀರಿನಲ್ಲಿ ಸುಣ್ಣದ ಜೊತೆಗೆ ಫ್ಲೋರೈಡ್. ಹಿಂದೆ ಊರಿಗೆ ಊರೇ ಬೋರ್‌ವೆಲ್ ನೀರು ಕುಡಿದು ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗಿ, ದೊಡ್ಡವರ ಮೊಣಕಾಲು ಬಿಲ್ಲಿನಂತೆ ಬಾಗಿದ್ದವು. ಫಕೀರವ್ವನದೂ ಅದೇ ಕಾಲು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರಳು. ಆಮೇಲೆ ಬಂತು ಕಂಪನಿಯೊಂದರ ಫಿಲ್ಟರ್ ಹೌಸ್, ನೀರು ಸೋಸುವ ಘಟಕ. ಅದರಲ್ಲಿರುವುದು ಇಂಗಾಲದ ಪೊರೆ. ಕೂದಲಿಗಿಂತ ಸಾವಿರ ಪಾಲು ತೆಳ್ಳಗೆ. ನೀರು ದಾಟುತ್ತದೆ, ಉಪ್ಪು, ಸುಣ್ಣ, ಫ್ಲೋರೈಡ್ ಎಲ್ಲ ಈಚೆಗೇ ಉಳಿಯುತ್ತವೆ. ಅದು ಬಂದ ಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗಾದವು, ಕಾಲು ನೆಟ್ಟಗಾದವು. ದಾಕ್ಷಾಯಣಿಯ ಮಗಳು ಪಿಂಕಿ ಓಣಿಯಲ್ಲಿ ಓಡುವುದನ್ನು ನೋಡಿ ಫಕೀರವ್ವ, “ಫಿಲ್ಟರ್ ಹೌಸಿನ ಕೂಸದು, ಕುದುರಿ ಇದ್ದಂಗ ಐತಿ” ಅನ್ನುತ್ತಿದ್ದಳು.

ದಾಕ್ಷಾಯಣಿ ಕೆಲಸ ಮಾಡುತ್ತಿದ್ದುದು ಅದೇ ಫಿಲ್ಟರ್ ಹೌಸಿನ ಕಂಟ್ರೋಲ್ ರೂಮಿನಲ್ಲಿ. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸುಣ್ಣ ದಾಟಿ ಬರುತ್ತಿದೆ ಎಂದರೆ ಪೊರೆ ಹರಿದಿದೆ. ಪೊರೆ ಹರಿದರೆ ಸುಣ್ಣವೊಂದೇ ಬರುವುದಿಲ್ಲ.

“ಅತ್ತಿ, ಇವತ್ತ ಪಿಂಕಿಗೆ ನಲ್ಲಿ ನೀರ ಕೊಡಬ್ಯಾಡ್ರಿ.”

“ಯಾಕ? ಏನಾಗೇತಿ?”

“ಏನಿಲ್ಲ ಬಿಡ್ರಿ. ಪೈಪ್ ತೊಳ್ಯಾಕ ಹತ್ಯಾರ.”

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಫಕೀರವ್ವ ಬಂಗಾರದಂಥ ಹೆಂಗಸು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಸೊಸೆ ಬಸುರಿ ಎಂದು ಮಗನಿಗೆ ಗೊತ್ತಾಗುವ ಮೊದಲು ಗಿರಣಿಯವನಿಗೆ ಗೊತ್ತಾಗಿತ್ತು.

*

ಕಂಟ್ರೋಲ್ ರೂಮಿಗೆ ಹೋದ ತಕ್ಷಣ ದಾಕ್ಷಾಯಣಿ ಪರದೆಯ ಮುಂದೆ ಕೂತು ಫ್ಲೋರೈಡಿನ ಗೆರೆ ನೋಡಿದಳು. ನಿಜವಾದ ನೀರಿನ ಗೆರೆ ಸುಮ್ಮನಿರುವುದಿಲ್ಲ. ಬಿಸಿಲಿಗೆ ಒಂದಿಷ್ಟು ಏರುತ್ತದೆ, ಪಂಪು ಬದಲಾದಾಗ ಒಂದಿಷ್ಟು ನಡುಗುತ್ತದೆ. ಈ ಗೆರೆ ಬಟ್ಟೆ ಒಣಹಾಕುವ ಹಗ್ಗದಂತೆ ನೆಟ್ಟಗಿತ್ತು. ಕೆದಕಿದಳು. ಅಳತೆಯ ಗುಂಡಿ ‘ಸ್ವಯಂ’ ಬಿಟ್ಟು ‘ಕೈಯಾರೆ’ಗೆ ಬಂದಿತ್ತು. ಅಂದರೆ ಯಾರೋ ಒಳ್ಳೆಯ ಅಂಕಿಯೊಂದನ್ನು ಬರೆದಿಟ್ಟಿದ್ದಾರೆ, ಯಂತ್ರ ಅದನ್ನೇ ಗಿಳಿಯಂತೆ ಹೇಳುತ್ತಿದೆ. ಇನ್ನೂ ಕೆದಕಿದಳು. ಅಡಿಯಲ್ಲಿ ಸೆನ್ಸರ್ ಪಾಪ ಸುಮ್ಮನೆ ತನ್ನ ಕೆಲಸ ಮಾಡಿಕೊಂಡೇ ಇತ್ತು. ನಿಜದ ಅಂಕಿ ಅಲ್ಲಿತ್ತು. ಕುಡಿಯಬಹುದಾದ ಮಿತಿಯ ಮೂರು ಪಟ್ಟು.

ಇಲ್ಲೊಂದು ಸಣ್ಣ ಸಂಗತಿ ಇದೆ, ದಯವಿಟ್ಟು ಗಮನವಿಡಿ, ಮುಂದೆ ಎಲ್ಲ ತಿರುಗುವುದು ಇದರ ಮೇಲೇ. ಆ ಕೋಣೆಯಲ್ಲಿ ಕೆಲಸ ಶುರುಮಾಡಬೇಕಾದರೆ ಪ್ರತಿಯೊಬ್ಬರೂ ತಂತಮ್ಮ ಕಾರ್ಡನ್ನು ಮೇಜಿನ ಕಿಂಡಿಗೆ ಸಿಕ್ಕಿಸಬೇಕು. ಯಾರು ಏನು ಮಾಡಿದರೂ ಆ ಕಾರ್ಡಿನ ಹೆಸರಿನಲ್ಲಿ ದಾಖಲಾಗುತ್ತದೆ. ನಿಯಮ ಚೆನ್ನಾಗಿದೆ. ಆದರೆ ಕಾರ್ಡು ತೆಗೆದರೆ ಪರದೆಗಳೆಲ್ಲ ಕಪ್ಪಾಗಿ, ಪಂಪುಗಳು ನಿಂತು, ಯಾರಾದರೂ ಟ್ಯಾಂಕ್ ಹತ್ತಿ ಒಂದೊಂದನ್ನೇ ಕೈಯಿಂದ ಮತ್ತೆ ಚಾಲೂ ಮಾಡಬೇಕಾಗುತ್ತಿತ್ತು. ಹಾಗಾಗಿ ಅಲ್ಲಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆಳಿಗ್ಗೆ ಪಂಪು ಚಾಲೂ ಮಾಡುವ ಮೊದಲು ಬಾಗಿಲು ತೆಗೆದವರ ಕಾರ್ಡು ಹಾಕಿದರೆ ಮುಗಿಯಿತು, ದಿನವಿಡೀ ಅದೇ. ಎಲ್ಲರೂ ಅದರ ಮೇಲೇ ಕೆಲಸ. ಮನೆಗೆ ಹೋಗುವವರು “ಇರ್ಲಿ ಬಿಡ್ರಿ, ನಾಳೆ ತಗೋತೇನಿ” ಅಂತ ಕಾರ್ಡು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಆಯುಧಪೂಜೆಗೆ ಆ ಕಿಂಡಿಗೆ ಕುಂಕುಮ ಹಚ್ಚಿ, ಅದರಲ್ಲಿದ್ದ ಕಾರ್ಡಿಗೂ ಹೂ ಏರಿಸಿದ್ದರು. ಅದು ಯಾರದು ಅಂತ ಯಾರೂ ನೋಡಿರಲಿಲ್ಲ.

ಅವತ್ತು ಬಾಗಿಲು ತೆಗೆದವರು ಮೇಲ್ವಿಚಾರಕ ಅಶೋಕ ಬಳಿಗಾರರು, ಕಿಂಡಿಯಲ್ಲಿದ್ದುದು ಅವರ ಕಾರ್ಡು.

ಬಳಿಗಾರರು ಹೊರಗೆ ಹೋಗಿ ಮರಳಿ ಬಂದಾಗ ಅವರ ಕೈಯಲ್ಲಿ ಎಂದಿನಂತೆ ಬಿಸಿ ಮಿರ್ಚಿ ಭಜಿಯ ಪೊಟ್ಟಣವಿತ್ತು. ಪರದೆ ನೋಡಿದರು. ಪೊಟ್ಟಣ ಮೇಜಿನ ಮೇಲಿಟ್ಟು ಬಾಗಿಲು ಮುಂದೆ ಮಾಡಿದರು.

“ನೋಡಿದೇನ ತಂಗಿ?”

“ಏನ್ರಿ ಸರ್ ಇದು? ಊರ ಮಂದಿ ಕುಡ್ಯಾಕ ಹತ್ಯಾರ.”

“ಹೊಸಾ ಪೊರೆ ಕಳಸ್ರಿ ಅಂತ ಬೇಡಿ ಬೇಡಿ ನನ್ನ ಬಾಯಿ ಒಣಗೇತಿ. ಹೆಡ್ಡಾಫೀಸಿನವ್ರು ಈ ಸಲ ಇಲ್ಲ ಅಂದ್ರು. ಕೆಂಪು ದೀಪ ಹತ್ತಿದ್ರ ಪ್ಲಾಂಟ್ ತಾನ ಬಂದ್ ಆಗ್ತೈತಿ. ಬಂದ್ ಆದ್ರ ಮಂದಿ ಎಲ್ಲಿಗೆ ಹೊಕ್ಕಾರ? ಮತ್ತ ಬೋರಿಗೇ. ಅಲ್ಲಿ ಇದಕ್ಕಿಂತ ವಿಷ. ಅದಕ್ಕ ಒಂದೀಟ ದಿನ ದೀಪ ಹತ್ತದಂಗ ನೋಡ್ಕೊಂಡೇನಿ.”

“ಎಷ್ಟ ದಿನ ಆತ್ರಿ?”

ಬಳಿಗಾರರು ಭಜಿ ಪೊಟ್ಟಣವನ್ನು ಅವಳ ಕಡೆ ಸರಿಸಿದರು.

“ನಿಮ್ಮ ಮನ್ಯಾಗ ಏನ್ ಕುಡೀತಾರ ಸರ್?”

ಬಳಿಗಾರರು ಭಜಿಯೊಂದನ್ನು ಮುರಿದು, ತಿನ್ನದೆ ಮತ್ತೆ ಪೊಟ್ಟಣಕ್ಕೆ ಹಾಕಿದರು.

*

ಈಗ ಗುಪ್ತವಾಣಿಯ ವಿಷಯ. ಬಾಯಿಬಿಟ್ಟವರ ರಕ್ಷಣಾ ಕಾಯ್ದೆ ಬಂದ ಮೇಲೆ ಪ್ರತಿ ದೊಡ್ಡ ಕಾರ್ಖಾನೆಯಲ್ಲೂ ಒಂದು ಗುಪ್ತವಾಣಿ ಗೂಡು ಇರಲೇಬೇಕೆಂದಾಗಿತ್ತು. ಒಬ್ಬರು ಕೂರುವಷ್ಟು ಜಾಗ, ಒಂದು ಮೈಕು, ಒಂದು ಸಣ್ಣ ಪರದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕಂಡದ್ದನ್ನು ಹೇಳಿದರೆ ಯಂತ್ರ ಮೊದಲು ನಿಮ್ಮ ದನಿಯನ್ನು ಕಿತ್ತುಹಾಕುತ್ತದೆ. ಆಮೇಲೆ ನಿಮ್ಮ ಊರ ಮಾತಿನ ಎಳೆತ, ನಡುವೆ ಬಿಡುವ ಉಸಿರು, ನಿಮಗಷ್ಟೇ ರೂಢಿಯಾದ ಶಬ್ದ ಎಲ್ಲವನ್ನೂ ಸೋಸಿ ತೆಗೆಯುತ್ತದೆ. ಉಳಿದ ಒಣ ಸಂಗತಿಯನ್ನು ದೂರು ವಿಚಾರಿಸುವ ಸರ್ಕಾರಿ ಆಯೋಗಕ್ಕೆ ಕಳಿಸಿ, ಹೇಳಿದವರನ್ನು ಮರೆತುಬಿಡುತ್ತದೆ. ಅಡಗಿಸಿಡುವುದಲ್ಲ, ನಿಜವಾಗಿ ಮರೆಯುವುದು. ಕೋರ್ಟು ಕೇಳಿದರೂ, ಮಂತ್ರಿ ಕೇಳಿದರೂ ಅದರ ಹತ್ತಿರ ಹೇಳುವುದಕ್ಕೆ ಏನೂ ಇರುವುದಿಲ್ಲ. ಗೂಡನ್ನು ಶೌಚಾಲಯದ ಹಾದಿಯಲ್ಲೇ ಇಡಬೇಕು, ಯಾರು ಯಾವುದಕ್ಕೆ ಹೋದರೆಂದು ಗೊತ್ತಾಗಬಾರದು ಎಂಬ ನಿಯಮವೂ ಇತ್ತು. ದೂರು ಕೊಡುವವರ ಮೇಲೆ ಯಾರೂ ಕಣ್ಣಿಡಬಾರದೆಂದು ಕಾರ್ಖಾನೆಯೊಳಗಿನ ಕ್ಯಾಮೆರಾಗಳನ್ನೂ ಅದೇ ಕಾಯ್ದೆ ತೆಗೆಸಿಹಾಕಿತ್ತು. ತೆಗೆದ ದಿನ ಫಿಲ್ಟರ್ ಹೌಸಿನವರು ಪೇಡೆ ಹಂಚಿದ್ದರು. ದಾಕ್ಷಾಯಣಿಯೂ ತಿಂದಿದ್ದಳು.

ಗೂಡಿನೊಳಗೆ ಕೂತು ಅವಳು ಹೇಳಿದ್ದು ಹೀಗೆ: “ಪೊರೆ ಹರದಾವ್ರಿ. ನೀರು ಚಲೋ ಐತಿ ಅಂತ ಸುಳ್ಳ ಅಂಕಿ ಹಾಕ್ಯಾರ. ನನ್ನ ಕೂಸು ಅದನ್ನೇ ಕುಡಿಯಾಕ ಹತ್ತೇತ್ರಿ, ಎಲ್ಲಾರ ಕೂಸುಗೋಳೂ. ದಯವಿಟ್ಟ ಲಗೂನ ಬರ್ರಿ.”

ಪರದೆಯ ಮೇಲೆ ಮೂಡಿದ್ದು: ‘ಶುದ್ಧೀಕರಣ ಘಟಕದ ಪೊರೆಗಳು ವಿಫಲಗೊಂಡಿದ್ದು, ಅಳತೆಯ ಅಂಕಿಗಳನ್ನು ತಿದ್ದಲಾಗಿದೆ.’

ಅದರಲ್ಲಿ ಕೂಸು ಇರಲಿಲ್ಲ. ದಯವಿಟ್ಟು ಎಂಬುದೂ ಇರಲಿಲ್ಲ. ಅವಳು ‘ಸರಿ’ ಒತ್ತಿದಳು. ಯಂತ್ರ ನಯವಾದ ದನಿಯಲ್ಲಿ, “ನೀವು ಯಾರೆಂದು ನನಗೆ ತಿಳಿದಿಲ್ಲ. ಧನ್ಯವಾದಗಳು” ಎಂದಿತು. ಆ ಮಾತು ಕೇಳಿ ಅವಳಿಗೆ ಎಂಥ ಸಮಾಧಾನ! ಹೊರಗೆ ಬಂದು ಮುಖ ತೊಳೆದುಕೊಂಡಳು.

ಮನೆಯಲ್ಲಿ ಗಂಡನಿಗೊಬ್ಬನಿಗೆ ಹೇಳಿದಳು. ಶಿವಪುತ್ರ ಗಾಬರಿಯಾದ, ಆಮೇಲೆ ತಾನೇ ನಕ್ಕ.

“ಯಂತ್ರಕ್ಕ ನೀ ಯಾರಂತ ಗೊತ್ತಿಲ್ಲಲ್ಲ? ಹಂಗಾರ ಚಿಂತಿಲ್ಲ. ಅವ್ವಗ ಒಂದ ಹೇಳಬ್ಯಾಡ ಮಾರಾಯ್ತಿ. ಆಕಿಗೆ ಹೇಳಿದ್ರ ಯಂತ್ರಕ್ಕೂ ಮರವು ಬಿಟ್ಟ ಹೊಕ್ಕೈತಿ.”

*

ಮುಂದಿನದು ಎಷ್ಟು ಚೆಂದ ನಡೆಯಿತೆಂದರೆ, ಕಥೆ ಇಲ್ಲಿಗೇ ನಿಂತರೆ ಸಾಕೆನಿಸುತ್ತದೆ. ಆಯೋಗದವರು ಹೇಳದೆ ಕೇಳದೆ ಬಂದರು. ನೀರು ತುಂಬಿಕೊಂಡು ಹೋದರು. ದೂರು ನಿಜವೆಂದು ಗೊತ್ತಾಯಿತು. ಕಂಪನಿ ತಕ್ಷಣ ಹೊಸ ಪೊರೆ ಹಾಕಬೇಕೆಂದು ಆಜ್ಞೆಯಾಯಿತು. ಪೊರೆಗಳ ಲಾರಿ ಬಂದು ಫಿಲ್ಟರ್ ಹೌಸಿನ ಗೇಟಿನ ಮುಂದೆ ನಿಂತಿತು. ಊರಿನವರು ಅದಕ್ಕೆ ತೆಂಗಿನಕಾಯಿ ಒಡೆದರು. ಲಾರಿಯ ಬೀಗ ತೆಗೆಯಲು ಆಯೋಗದ ಕೊನೆಯ ಮೊಹರೊಂದು ಬಾಕಿ ಇತ್ತು, ಅಷ್ಟೇ.

ಅವತ್ತೇ ದಾಕ್ಷಾಯಣಿಗೆ ನೋಟಿಸು ಬಂತು. ಅಳತೆಯನ್ನು ‘ಕೈಯಾರೆ’ಗೆ ತಿರುಗಿಸಿ ಸುಳ್ಳು ಅಂಕಿ ಹಾಕಿದ ಆರೋಪಿ: ದಾಕ್ಷಾಯಣಿ.

ಯಾಕೆಂದು ನಿಮಗೆ ಹೊಳೆದಿರಬೇಕು. ಬಳಿಗಾರರು ಗುಂಡಿ ತಿರುಗಿಸಿದ ದಿನ ಬೆಳಿಗ್ಗೆ ಬಾಗಿಲು ತೆಗೆದವಳು ಅವಳು. ಕಿಂಡಿಯಲ್ಲಿದ್ದುದು ಅವಳ ಕಾರ್ಡು. ಇರಲಿ ಬಿಡ್ರಿ ಅಂತ ಬಿಟ್ಟು ಬಂದದ್ದು.

ಮೊದಲು ಅವಳಿಗೆ ಭಯವೇ ಆಗಲಿಲ್ಲ. “ದೂರು ಕೊಟ್ಟಾಕಿ ನಾನ. ಕಾಯ್ದೆ ಐತಲ್ಲ, ನನ್ನ ಯಾರೂ ಮುಟ್ಟಂಗಿಲ್ಲ” ಎಂದು ಗಂಡನಿಗೆ ಹೇಳಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಆಯೋಗದ ಕಚೇರಿಗೆ ಹೋದಳು.

ಅಲ್ಲಿ ಹೊರಗಿನ ಬೆಂಚಿನ ಮೇಲೆ ಬಳಿಗಾರರು ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತರು. ಮುಖ ಬಾಡಿತ್ತು.

“ತಂಗಿ, ನಾ ಏನೂ ಲೆಕ್ಕ ಹಾಕಿ ಮಾಡಿದ್ದಲ್ಲ. ಪಿಂಕಿ ಆಣಿ ಮಾಡ್ತೇನಿ.”

“ನನ್ನ ಮಗಳ ಆಣಿ ಯಾಕ್ರಿ? ನಿಮ್ಮ ಮಕ್ಕಳಿಲ್ಲೇನ?”

ಬಳಿಗಾರರು ಕತ್ತು ತಗ್ಗಿಸಿದರು. “ಆಯೋಗದವ್ರು ಫೋನ್ ಮಾಡಿದ್ರು. ಖರೇ ಅಂಕಿ ಮೊದಲ ತೆಗೆದು ನೋಡಿದ್ದು ನಿಮ್ಮ ಕಾರ್ಡಿನಿಂದ, ದೂರು ಕೊಟ್ಟವ್ರ ಮ್ಯಾಲ ಕೇಸ್ ಹಾಕಂಗಿಲ್ಲ, ಅವ್ರು ನೀವೇನಾ ಅಂತ ಕೇಳಿದ್ರು. ನಾ ಜೈಲಿಗೆ ಹೊಂಟೇನಿ ಅಂತ ಬಟ್ಟಿ ಕಟ್ಟಿಟ್ಟಿದ್ದೆ ತಂಗಿ. ಕೇಳಿದ್ರು. ಹೌದು ಅಂದಬಿಟ್ಟೆ.”

“ಈಗ ಒಳಗ ಬಂದು ಅಲ್ಲ ಅನ್ರಿ.”

“ಅಂದ್ರ ಎರಡು ಗುನ್ನೆ ಆಗ್ತಾವು. ಮೊದಲಿಂದೂ, ಸುಳ್ಳ ಹೇಳಿದ್ದೂ.” ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಅದು ನಿಜವಾದ ಕಣ್ಣೀರು. ಅದನ್ನೇ ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಕಳ್ಳನೊಬ್ಬ ಕೇಕೆ ಹಾಕಿ ನಕ್ಕಿದ್ದರೆ ಕಾಲಲ್ಲಿದ್ದುದನ್ನು ತೆಗೆದು ಹೊಡೆಯಬಹುದಿತ್ತು. ಅಳುವವನಿಗೆ ಏನು ಮಾಡುವುದು?

*

ಒಳಗಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಬೆಂಗಳೂರು ಕಡೆಯ ಮಾತು. ದಾಕ್ಷಾಯಣಿಗೆ ಕೂರಲು ಹೇಳಿ, ನೀರು ಕೊಟ್ಟು, ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ನೀವು ಹೇಳೋದು ನಿಜ ಅಂತ ನಂಗೆ ಅನ್ನಿಸ್ತಿದೆ ಕಣಮ್ಮ. ಆದ್ರೆ ನಂಗೆ ಅನ್ನಿಸೋದು ಸಾಕಾಗಲ್ಲ.”

“ಆ ಯಂತ್ರಾನ ಕೇಳ್ರಿ ಮೇಡಂ. ನಾ ಅದರ ಮುಂದ ಕುಂತು ಹೇಳೀನಿ. ನನ್ನ ಕೂಸೂ ಅದನ್ನೇ ಕುಡೀತೈತಿ ಅಂತ ಹೇಳೀನಿ.”

“ಅದಕ್ಕೆ ನೆನಪಿಲ್ಲ.”

“ಒಂದೀಟೂ?”

“ಒಂಚೂರೂ ಇಲ್ಲ. ಮೊದಲು ಯಂತ್ರ ನೆನಪಿಟ್ಕೋತಿತ್ತು. ಕದ್ದು ನೋಡಿ, ದೂರು ಕೊಟ್ಟವರನ್ನ ರಸ್ತೇಲಿ ಹೊಡೆಸಿದ್ರು. ಅದು ಮರೀಲೇಬೇಕು ಅಂತ ಗಂಟಲು ಹರ್ಕೊಂಡವರಲ್ಲಿ ನಾನೂ ಒಬ್ಬಳು.” ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದಕ್ಕೇ ಈಗ ಕಾರ್ಡಿನ ಜಾಡು ಒಂದೇ ಸಾಕ್ಷಿ. ಸುಳ್ಳು ಅಂಕಿ ನಿಮ್ಮ ಕಾರ್ಡಲ್ಲಿದೆ. ನಿಜ ಹುಡುಕಿದ್ದು ಅವರ ಕಾರ್ಡಲ್ಲಿದೆ.”

“ಅಲ್ಲೆ ಎಲ್ಲಾರೂ ಹಂಗ ಮಾಡೂದ್ರಿ! ಒಬ್ಬರ ಕಾರ್ಡಿನ ಮ್ಯಾಲ ಎಲ್ಲಾರೂ. ಯಾರನ್ನರ ಕೇಳ್ರಿ.”

“ಕೇಳಿದ್ವಿ. ಎಲ್ಲರೂ ‘ನಾವು ನಮ್ಮ ಕಾರ್ಡೇ ಹಾಕ್ತೀವಿ’ ಅಂದ್ರು. ಬೇರೆಯವರ ಕಾರ್ಡಲ್ಲಿ ಕೆಲಸ ಮಾಡಿದ್ವಿ ಅಂತ ಒಪ್ಕೊಂಡ್ರೆ ಅವರ ನೌಕರಿ ಹೋಗುತ್ತೆ. ಯಾರು ಹೇಳ್ತಾರೆ ಹೇಳಿ?”

ಬೇರೆ ಯಾರದೋ ವಿಷಯಕ್ಕೆ ತನ್ನನ್ನು ಕೇಳಿದ್ದರೆ ತಾನೂ ಹಾಗೇ ಹೇಳುತ್ತಿದ್ದಳೇನೋ ಎಂದು ಹೊಳೆದು ದಾಕ್ಷಾಯಣಿಗೆ ಕಸಿವಿಸಿಯಾಯಿತು.

ಅಧಿಕಾರಿ ಮೇಜಿನ ಮೇಲಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಎರಡು ಗುಂಡಿಗಳಿದ್ದವು: ‘ವಿವಾದ’, ‘ಒಪ್ಪಿಗೆ’.

“ದೂರು ಕೊಟ್ಟದ್ದು ನಾನೇ ಅಂತ ನೀವು ವಿವಾದ ಹೂಡಬಹುದು. ಅದು ನಿಮ್ಮ ಹಕ್ಕು. ಹೂಡಿದ್ರೆ ಒಂದು ದೂರಿಗೆ ಇಬ್ಬರು ವಾರಸುದಾರರಾಗ್ತಾರೆ. ಆಗ ಯಾರು ನಿಜ ಅಂತ ತೀರ್ಮಾನ ಆಗೋವರೆಗೂ ಆ ದೂರು ತಡೆಯಲ್ಲಿರುತ್ತೆ. ದೂರಿನ ಮೇಲೆ ಆದ ಆಜ್ಞೆಯೂ ತಡೆಯಲ್ಲಿರುತ್ತೆ.”

“ಆಜ್ಞಾ ಅಂದ್ರ... ಪೊರೆ?”

“ಪೊರೆ. ಲಾರಿ ವಾಪಸ್ ಹೋಗುತ್ತೆ. ಎಲ್ಲ ಯಥಾಸ್ಥಿತಿ, ಅದೇ ಹರಿದ ಪೊರೆ, ಅದೇ ನೀರು.”

“ಎಷ್ಟ ದಿನ್ರಿ?”

“ಇಂಥ ಕೇಸುಗಳು ವರ್ಷಗಟ್ಟಲೆ ನಡೀತಿವೆ ಕಣಮ್ಮ.”

“ಒಪ್ಪಿಗಿ ಒತ್ತಿದ್ರ?”

“ಇವತ್ತೇ ಮೊಹರು ಹಾಕ್ತೀನಿ. ಇವತ್ತೇ ಪೊರೆ ಬದಲಾಗುತ್ತೆ. ನಿಮ್ಮ ನೌಕರಿ ಹೋಗುತ್ತೆ. ಸುಳ್ಳು ಅಂಕಿ ಹಾಕಿದವರು ನೀವು ಅಂತ ದಾಖಲಾಗುತ್ತೆ. ಜೈಲು ತಪ್ಪಿಸೋದು ನನ್ನ ಕೈಲಿದೆ, ತಪ್ಪಿಸ್ತೀನಿ. ಆದ್ರೆ ಆಮೇಲೆ ದೂರು ಕೊಟ್ಟದ್ದು ನಾನು ಅಂತ ಎಲ್ಲೂ, ಯಾರ ಹತ್ರನೂ ಹೇಳೋ ಹಾಗಿಲ್ಲ. ಒಬ್ಬರ ಕಿವಿಗೆ ಬಿದ್ದು ಅವರು ಹೊರಗೆ ಆಡಿದ್ರೂ ಅದು ವಿವಾದ ಹೂಡಿದ ಹಾಗೇ. ಆಗ ಹಾಕಿದ ಪೊರೆಗೂ ಬೀಗ ಬೀಳುತ್ತೆ.”

“ಇದನ್ನ ಯಾರ ಬರದ್ರಿ ಮೇಡಂ?”

“ನಿಮ್ಮಂಥವರನ್ನ ಕಾಪಾಡೋಕೆ ಅಂತ ಬರೆದದ್ದು,” ಎಂದರು ಅಧಿಕಾರಿ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ದಾಕ್ಷಾಯಣಿ ಪರದೆ ನೋಡುತ್ತ ಕೂತಳು. ‘ವಿವಾದ’ ಒತ್ತಿದರೆ ತನ್ನ ಹೆಸರು ಉಳಿಯಬಹುದು, ಉಳಿಯದೆಯೂ ಇರಬಹುದು. ಅಷ್ಟರಲ್ಲಿ ಪಿಂಕಿಯ ಹಲ್ಲು ಬಿದ್ದು ಹೊಸವು ಬರುತ್ತವೆ. ಓಣಿಯ ಎಷ್ಟು ಮಕ್ಕಳ ಮೂಳೆ ಅಷ್ಟರಲ್ಲಿ ಬೆಳೆಯುತ್ತವೆ. ಬಾಗಿಲ ಗಾಜಿನಾಚೆ ಬಳಿಗಾರರು ಕೈಮುಗಿದು ನಿಂತಿದ್ದರು. ತನಗೋ, ದೇವರಿಗೋ ತಿಳಿಯಲಿಲ್ಲ.

ಅವಳ ಬೆರಳು ‘ವಿವಾದ’ದ ಮೇಲೆ ಬಂತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ‘ಒಪ್ಪಿಗೆ’ ಒತ್ತಿತು.

*

ಬಳಿಗಾರ ಸಾಹೇಬರಿಗೆ ಊರಿನವರು ಶಾಲು ಹೊದಿಸಿ, ತಲೆಗೆ ಪಟಗ ಸುತ್ತಿ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿದರು. ಶಾಲೆಯ ಮಕ್ಕಳು ಹಾಡು ಹಾಡಿದರು. ಪಿಂಕಿಯನ್ನು ಆ ಸಾಲಿನಲ್ಲಿ ನಿಲ್ಲಿಸಲಿಲ್ಲ. ಗಿರಣಿಯವನು ದಾಕ್ಷಾಯಣಿಯ ಹಿಟ್ಟಿನ ಡಬ್ಬಿಯನ್ನು ಎಲ್ಲರಿಗಿಂತ ಕಡೆಗೆ ಇಡಲು ಶುರುಮಾಡಿದ. ಶಿವಪುತ್ರನ ಟಂಟಂಗೆ ಜನ ಹತ್ತುವುದು ಕಡಿಮೆಯಾಯಿತು. ಒಂದು ದಿನ ಅವನು ಹಲ್ಲು ಕಚ್ಚಿಕೊಂಡು ಹೆಂಡತಿಗೆ ಹೇಳಿದ, “ಚೌಕದಾಗ ನಿಂತು ಒದರಿಬಿಡ್ಲೇನ?” ಅವಳು ನಲ್ಲಿ ತಿರುಗಿಸಿ ಲೋಟದಲ್ಲಿ ನೀರು ಹಿಡಿದು ಅವನ ಮುಂದಿಟ್ಟಳು. ಅವನು ಲೋಟವನ್ನೇ ನೋಡಿದ. ಕುಡಿದ. ಎದ್ದು ಹೋದ.

ಫಕೀರವ್ವ ಮಾತ್ರ ಬಹಳ ದಿನ ಸೊಸೆಯನ್ನು ಏನೂ ಕೇಳಲಿಲ್ಲ. ಮಾತು ನಿಲ್ಲದ ಹೊಟ್ಟೆಯಲ್ಲಿ ಆ ಒಂದು ಪ್ರಶ್ನೆಯನ್ನು ಅವಳು ಹೇಗೆ ಹಿಡಿದಿಟ್ಟಿದ್ದಳೋ. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕುಕ್ಕರಿನ ಮುಚ್ಚಳ ತೆಗೆದಳು. ಚಮಚ ಹಾಕಿ ತಿರುವಿದಳು.

“ಬೆಂದೈತಿ ನೋಡ. ಬೆಣ್ಣಿ ಆದಂಗ ಆಗೇತಿ. ಆ ಬಳಿಗಾರ ಸಾಹೇಬನ ಹೊಟ್ಟಿ ತಣ್ಣಗಿರ್ಲಿ.”

ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಲ್ಲಿಸಲಿಲ್ಲ.

ಫಕೀರವ್ವ ಅವಳ ಪಕ್ಕದಲ್ಲಿ ಕಷ್ಟಪಟ್ಟು ಕೂತಳು. ಬಾಗಿದ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡಳು. ದನಿ ತಗ್ಗಿಸಿದಳು. ಫಕೀರವ್ವನಿಗೆ ಅಷ್ಟು ಸಣ್ಣ ದನಿಯಿದೆಯೆಂದು ದಾಕ್ಷಾಯಣಿಗೆ ಅವತ್ತೇ ಗೊತ್ತಾದದ್ದು.

“ಯವ್ವಾ, ಈ ನನ್ನ ಕಾಲ ನೋಡೀಯಲ್ಲ. ದಿನಾ ಎಣ್ಣಿ ಹಚ್ಚಿ ತಿಕ್ಕಿದಾಕಿ ನೀನ. ಹಂತಾ ನೀರ ಊರಿಗೆ ಕುಡಸೂ ಕೈ ಅಲ್ಲ ನಿಂದು. ಮಂದಿ ಏನರ ಅನ್ಲಿ. ನನಗ ಒಬ್ಬಾಕಿಗೆ ಖರೇ ಹೇಳ. ನೀ ಮಾಡಿಯೇನ?”

ತವೆಯ ಮೇಲಿನ ರೊಟ್ಟಿ ಉಬ್ಬುತ್ತಿತ್ತು. ಅಂಗಳದಲ್ಲಿ ಪಿಂಕಿ ನಲ್ಲಿಗೆ ಬಾಯಿಟ್ಟು ಗಟಗಟ ನೀರು ಕುಡಿಯುತ್ತಿದ್ದಳು. ‘ಇಲ್ಲ’ ಎಂಬುದು ಎರಡಕ್ಷರ. ಆದರೆ ಆ ಎರಡಕ್ಷರ ಸಂಜೆಯೊಳಗೆ ಗಿರಣಿ ಮುಟ್ಟುತ್ತದೆ, ಪ್ರೀತಿಯಿಂದಲೇ ಮುಟ್ಟುತ್ತದೆ. ಗಿರಣಿಯಿಂದ ಚೌಕ, ಚೌಕದಿಂದ ಆಯೋಗ.

ದಾಕ್ಷಾಯಣಿ ರೊಟ್ಟಿ ಮಗುಚಿದಳು.

“ಬ್ಯಾಳಿಗೆ ಉಪ್ಪು ಸಾಕೇನ್ರಿ ಅತ್ತಿ?” ಎಂದು ಕೇಳಿದಳು.

ಫಕೀರವ್ವ ಅವಳ ಮುಖ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ತನ್ನ ತಾಟು ತಗೊಂಡು, ಒಬ್ಬಳೇ ಹೊರಗಿನ ಕಟ್ಟೆಯ ಮೇಲೆ ಹೋಗಿ ಉಂಡಳು.

ಪೂರ್ತಿ ಕೇಳಿದಿರಲ್ಲ, ಈಗ ಹೇಳಿ. ಬೇಳೆ ಬೆಂದಿದೆ, ಮಗು ನೀರು ಕುಡಿಯುತ್ತಿದೆ, ಏನೂ ಗೊತ್ತಿಲ್ಲದೆಯೂ ನಿಮ್ಮನ್ನು ನಂಬುವ ಕೊನೆಯ ಜೀವ ಪಕ್ಕದಲ್ಲಿ ಕೂತು ಒಂದೇ ಒಂದು ಮಾತು ಕೇಳುತ್ತಿದೆ. ಆ ಒಲೆಯ ಮುಂದೆ ನೀವಿದ್ದಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ?